ಮಗುಚಿದ ರೆಕಾರ್ಡು

ವಿಕ್ರಾಂತ ಗೆಳೆಯರನ್ನು ಕೂರಿಸಿಕೊಂಡು ಅರವತ್ತರ ದಶಕದ ಸೈಕೆಡೆಲಿಕ್ ರಾಕ್ ರೆಕಾರ್ಡು ಹಾಕಿದ್ದ. "ಇದರ ಒಂದೊಂದು ಸ್ವರವೂ ನನಗೆ ಬಾಯಿಪಾಠ," ಎನ್ನುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು. ಕೆಳಗಿನ ಮನೆಯ ಪದ್ಮಿನಿಯಮ್ಮ, ಎಪ್ಪತ್ತೈದು ದಾಟಿದವರು.

"ನಿಮಗಿದು ಬರೀ ಗಲಾಟೆ ಅನ್ಸುತ್ತೆ ಅಮ್ಮಾ. ಅರ್ಥ ಆಗೋಕೆ ಕಿವಿ ಪಳಗಿರ್ಬೇಕು," ಎಂದ. ಗೆಳೆಯರು ನಕ್ಕರು.

"ಕಾಲೇಜಲ್ಲಿದ್ದಾಗ ಇದನ್ನ ಸವೆಯೋವರೆಗೂ ಕೇಳಿದೀನಪ್ಪ. ವರ್ಷದಿಂದ ಮೆಟ್ಟಿಲ ಮೇಲೆ ಕೂತು ಕಾಯ್ತಿದೀನಿ, ನೀನು ಮೊದಲನೇ ಸೈಡೇ ಹಾಕ್ತೀಯ. ಎರಡನೇ ಸೈಡಲ್ಲಿ ಗಿಟಾರು ಅಳುತ್ತಲ್ಲ, ಅದು ನಿನಗೆ ಹಿಡಿಸ್ಲಿಲ್ವಾ?"

ಗೆಳೆಯರು ಅವನತ್ತ ತಿರುಗಿದರು. ಅವನಿಗೆ ತಲೆ ಎತ್ತಲಾಗಲಿಲ್ಲ. ರೆಕಾರ್ಡನ್ನು ಮಗುಚಿ ಹಾಕುತ್ತಾ ತಗ್ಗಿದ ದನಿಯಲ್ಲಿ ಹೇಳಿದ:

"ಅದನ್ನ ನಾನಿನ್ನೂ ಕೇಳೇ ಇಲ್ಲ ಅಮ್ಮಾ."