ಸತ್ತಾರ್ ಸಾಬರ ಗೂಬೆ

ಮಾನ್ವಿಯ ಇತಿಹಾಸ ಬರೆಯುವವರು ಆ ಒಂದು ಶುಕ್ರವಾರವನ್ನು ಕೈಬಿಟ್ಟರೆ ಅದು ಅಕ್ಷಮ್ಯ ಅಪರಾಧ. ಅಂದು ಬೆಳಿಗ್ಗೆ ಸುಗ್ರಾ ಬೇಗಂ ತಮ್ಮ ಗಂಡ ಸತ್ತಾರ್ ಸಾಬರ ಗೂಬೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದರು.

ಗೂಬೆ ಇದ್ದದ್ದು ಒಂದು ಬೆಳ್ಳಿ ನಾಣ್ಯದ ಮೇಲೆ. ಅಂಗಿ ತೋಳಿನ ಗುಂಡಿಯಷ್ಟು ಅಗಲ. ಒಂದು ಕಡೆ ಶಿರಸ್ತ್ರಾಣ ತೊಟ್ಟ ದೇವತೆ, ಇನ್ನೊಂದು ಕಡೆ ಕಣ್ಣರಳಿಸಿದ ಗೂಬೆ, ಪಕ್ಕದಲ್ಲಿ ಮೂರು ಗ್ರೀಕ್ ಅಕ್ಷರ. ಅಥೆನ್ಸಿನದು, ಎರಡು ಸಾವಿರ ವರ್ಷಕ್ಕೂ ಹಳೆಯದು ಎಂದು ಸತ್ತಾರ್ ಸಾಬರು ತಮ್ಮ ಅಕ್ಕಿ ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಿದ್ದರು. ನಂಬದವರು ಒಬ್ಬರೇ: ರಾಯಚೂರಿನ ನಿವೃತ್ತ ಇತಿಹಾಸ ಮಾಸ್ತರ, ಸ್ವತಃ ನಾಣ್ಯ ಕೂಡಿಡುವ ಹಂಪಯ್ಯ. ಅಂಚಿನ ಸುತ್ತ ಇರುವ ಕಪ್ಪು ಗೆರೆ ಎರಕ ಹೊಯ್ದದ್ದರ ಗುರುತು, ಆದ್ದರಿಂದ ಇದು ಈಚಿನ ನಕಲು ಎಂಬುದು ಅವರ ತೀರ್ಪು. ಅದನ್ನು ಬದಲಿಸಲು ಸತ್ತಾರ್ ಸಾಬರು ವರ್ಷಗಟ್ಟಲೆ ಚಹಾ ಕುಡಿಸಿದ್ದರು.

ಅಂದು ಮಗಳು ಗುಲ್ಫಶಾಳ ಕೂಸಿನ ಅಕೀಕಾ, ಹುಟ್ಟುಗೂದಲು ತೆಗೆಸುವ ಶಾಸ್ತ್ರ. ಕೂಸಿನ ತಲೆ ಬೋಳಿಸಿಯಾಗಿತ್ತು. ಆ ಕೂದಲಿನ ತೂಕದಷ್ಟು ಬೆಳ್ಳಿ ದಾನ ಕೊಡಬೇಕು. ಊಟಕ್ಕೆ ಬಂದ ಹಂಪಯ್ಯ ಚಪ್ಪಲಿ ಬಿಡುವಷ್ಟರಲ್ಲಿ ಸುಗ್ರಾ ಬೇಗಂ ಫಳಫಳ ಹೊಳೆಯುವ ನಾಣ್ಯವನ್ನು ಅಂಗೈ ಮೇಲಿಟ್ಟುಕೊಂಡು ಬಂದರು.

“ಮಗಳ ಮಡಿಲು ತುಂಬಿದ್ರ ಮನ್ಯಾಗಿನ ಎಲ್ಲಕ್ಕಿಂತ ಹಳೇ ಬೆಳ್ಳಿ ಕೊಡ್ತೀನಿ ಅಂತ ಮನ್ನತ್ ಮಾಡಿದ್ದೆ. ಯಾವುದು ಹಳೇದು ಅಂತ ಇವ್ರ ಊರಿಗೆಲ್ಲ ಹೇಳ್ಯಾರ.”

ಸತ್ತಾರ್ ಸಾಬರು ನಾಣ್ಯಕ್ಕೆ ಕೈ ಚಾಚಿದರು. “ಹಳೇದು ಎಲ್ಲಿ ಬಂತು? ಖೋಟಾ ಅದು. ಬೇಕಾದ್ರ ಮಾಸ್ತರನ್ನ ಕೇಳು.”

“ನಿನ್ನಿ ತನಕ ಅಸಲಿ ಇತ್ತು. ಹುಣಸೆಹಣ್ಣು ಹಚ್ಚಿದ ಕೂಡ್ಲೇ ಖೋಟಾ ಆತೇನ್ರೀ? ಸರ, ನೀವ ನೋಡಿ ಹೇಳ್ರಿ. ಖೋಟಾ ಇದ್ರ ಇವ್ರ ಇಟ್ಕೊಳ್ಳಿ.”

ಸತ್ತಾರ್ ಸಾಬರು ಹಂಪಯ್ಯನವರ ತೋಳು ಹಿಡಿದು ಕಿಟಕಿಯ ಕಡೆ ಎಳೆದರು. “ಸರ, ಇಷ್ಟ ದಿನ ಏನ್ ಹೇಳಿದ್ರಿ, ಇವತ್ತೊಂದಿನ ಅದನ್ನ ಹೇಳಿಬಿಡ್ರಿ.”

“ಅಸಲಿ ಅನ್ರಿ ಅಂತ ನನ್ನ ಜೀವ ತಿಂದೋರು ನೀವ ಅಲ್ಲೇನ್ರಿ ಸಾಹೇಬ್ರ?”

ಹಂಪಯ್ಯ ಭೂತಗನ್ನಡಿ ತೆಗೆದು ನಾಣ್ಯದ ಅಂಚು ತಿರುಗಿಸಿದರು. ಕಪ್ಪು ಗೆರೆ ಇರಲಿಲ್ಲ. ಹುಣಸೆಹಣ್ಣಿಗೆ ಹೋಗುವಂಥದು ಎರಕದ ಗೆರೆಯಲ್ಲ, ಕೊಳೆ. ಅದರಡಿ ಕಂಡದ್ದು ಸಣ್ಣ ಸಣ್ಣ ಸೀಳು. ಬೆಳ್ಳಿ ತುಣುಕನ್ನು ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದಾಗ ಅಂಚು ಬಿರಿಯುತ್ತದಲ್ಲ, ಅಂಥದು. ಕೂದಲು ತೂಗಲು ತಂದಿದ್ದ ಪುಟ್ಟ ತಕ್ಕಡಿಯಲ್ಲಿ ನಾಣ್ಯವನ್ನೂ ಇಟ್ಟು ನೋಡಿದರು. ಕೂಸಿನ ಕೂದಲಿಗಿಂತ ತುಸು ಹೆಚ್ಚು. ಅಥೆನ್ಸಿನವರು ಆ ನಾಣ್ಯಕ್ಕೆ ಗೊತ್ತುಮಾಡಿದ್ದ ತೂಕವೂ ಅಷ್ಟೇ. ಅವರು ಭೂತಗನ್ನಡಿ ಒರೆಸಿ ಅಂಚನ್ನು ಮತ್ತೊಮ್ಮೆ ನೋಡಿದರು. ತಪ್ಪು ಒಪ್ಪಿ ಅಭ್ಯಾಸವಿಲ್ಲದವರಿಗೆ ಸ್ವಲ್ಪ ಸಮಯ ಬೇಕಾಗುತ್ತದೆ.

“ಅಸಲಿ ಅದರೀ ಭಾಭಿ,” ಎಂದರು ಕೊನೆಗೆ. “ನಂದ ತಪ್ಪು.”

“ಏನಂದ್ರಿ?” ಸತ್ತಾರ್ ಸಾಬರ ಮುಖ ಅರಳಿಬಿಟ್ಟಿತು. “ಇನ್ನೊಮ್ಮಿ ಅನ್ರಿ! ಜೋರಾಗಿ ಅನ್ರಿ, ಒಳಗ ದೇವದುರ್ಗದ ಬೀಗರಿಗೂ ಕೇಳ್ಲಿ!”

ಹಂಪಯ್ಯ ಇನ್ನೊಮ್ಮೆ ಜೋರಾಗಿ ಅಂದರು. ಗೂಬೆ ಕೈಬಿಟ್ಟು ಹೋಯಿತೆಂಬುದು ಸತ್ತಾರ್ ಸಾಬರಿಗೆ ಹೊಳೆದದ್ದು ಎರಡನೇ ಸಲ ಬಿರಿಯಾನಿ ಬಡಿಸಿಕೊಳ್ಳುವಾಗ; ಆದರೂ ಅವರು ತಟ್ಟೆ ಸರಿಸಲಿಲ್ಲ.

ಸಂಜೆಯೊಳಗೆ ಸುಗ್ರಾ ಬೇಗಂ ನಾಣ್ಯವನ್ನು ಅನಾಥ ಮಕ್ಕಳ ಯತೀಮಖಾನಾದ ದಾನದ ಡಬ್ಬಿಗೆ ಹಾಕಿ ಬಂದರು. ತಿಂಗಳ ಕೊನೆಗೆ ಡಬ್ಬಿ ತೆರೆದವರು ಅದನ್ನು ನಡೆಯದ ನಾಣ್ಯಗಳ ಕಡೆ ಸರಿಸಿದರು.