ಕರಿಬೇವಿನ ಕುಂಡದ ಹಕ್ಕಿ

ಹೆಬ್ಬೆರಳಿನಷ್ಟು ಜೀವದ ಸಾವನ್ನು ಕಥೆಯೆಂದು ಹೇಳಹೊರಟಿರುವುದಕ್ಕೆ ಓದುವವರು ಮನ್ನಿಸಬೇಕು. ಇಂಥದ್ದನ್ನು ಹೇಳಬಹುದೋ ಇಲ್ಲವೋ ಅದೂ ತಿಳಿಯದು.

ಆ ಬೆಳಿಗ್ಗೆ ಹೊರದೇಶದ ಊರಾದ ನಾರ್ತ್ ಕ್ರೀಕ್‌ನಲ್ಲಿ ನೀರೆಲ್ಲ ಹೆಪ್ಪುಗಟ್ಟಿತ್ತು. ಸತ್ಯಭಾಮಾ ಬಾಲ್ಕನಿಯ ಬಾಗಿಲು ಸರಿಸಿದಾಗ, ಹಕ್ಕಿಗೆಂದು ತೂಗುಹಾಕಿದ್ದ ಸಕ್ಕರೆ ನೀರಿನ ಫೀಡರಿಗೆ ಪುಟ್ಟ ಹಮ್ಮಿಂಗ್‌ಬರ್ಡ್ ತಲೆಕೆಳಗಾಗಿ ಜೋತುಬಿದ್ದಿತ್ತು. ಚಳಿಗಾಲಕ್ಕೂ ಊರು ಬಿಡದ ಜಾತಿ ಅದು. ಹಸಿರು ಬೆನ್ನು, ಬಿಸಿಲು ಬಿದ್ದರೆ ಕೆಂಡದಂತೆ ಹೊಳೆಯುವ ಗುಲಾಬಿ ಕೊರಳು ಈಗ ಮಸಿಯಾಗಿತ್ತು. ಮುಟ್ಟಿದಳು. ಕಲ್ಲಿನ ಹಾಗೆ ತಣ್ಣಗಿತ್ತು.

ಒಳಗೆ ಗಂಡ ಕೇಶವ ಕೆಮ್ಮಿದ. ಕೀಮೋ ಶುರುವಾದ ಮೇಲೆ ಎದ್ದ ಕೂಡಲೇ ಅವನು ಹುಡುಕುತ್ತಿದ್ದುದು ಈ ಹಕ್ಕಿಯನ್ನೇ. ಕಾಯಿಲೆಯವರು ಕಣ್ಣು ಬಿಟ್ಟೊಡನೆ ಸತ್ತದ್ದನ್ನು ನೋಡಬಾರದೆಂದು ಅವಳ ತೌರಿನ ಕಡೆಯ ನಂಬಿಕೆ. ಹೊರಗಿನ ಮಣ್ಣು ಕಲ್ಲಾಗಿತ್ತು. ಚಳಿಗೆಂದು ಒಳಗೆ ಬಾಲ್ಕನಿ ಬಾಗಿಲ ಹತ್ತಿರದ ಹೀಟರ್ ಪಕ್ಕ ಇಟ್ಟಿದ್ದ ಕರಿಬೇವಿನ ಕುಂಡವನ್ನೇ ಚಮಚದಲ್ಲಿ ತೋಡಿ, ಹಕ್ಕಿಯನ್ನು ಅದರಲ್ಲಿಟ್ಟು, ಕೊಕ್ಕಿಗೆ ಎರಡು ಹನಿ ಗಂಗಾಜಲ ಬಿಟ್ಟು, ಅವಸರದಲ್ಲಿ ಮಣ್ಣು ಮುಚ್ಚಿದಳು.

ಕೇಶವ ಎದ್ದು ಬಂದು, ಕಾಫಿ ಹಿಡಿದು ಕಿಟಕಿಯ ಬಳಿ ಕೂತ.

"ನಮ್ಮ ಹಕ್ಕಿರಾಯರು ಬರಲಿಲ್ವೇನೇ, ಭಾಮಾ?"

"ಚಳಿ ರೀ. ಎಲ್ಲೋ ಬೆಚ್ಚಗೆ ಕೂತಿರತ್ತೆ."

"ಬೆಚ್ಚಗೆಲ್ಲಿ ಕೂರತ್ತೆ? ಇಂಜಿನ್ ಆಫ್ ಮಾಡ್ಕೊಂಡು ನೇತಾಡ್ತಿರತ್ತೆ." ವಿಮಾನ ಕಂಪನಿಯಲ್ಲಿ ದುಡಿದು ನಿವೃತ್ತನಾದವನು ನಕ್ಕ. "ಇಂಥ ಚಳೀಲಿ ಅದು ಮಲಗೋದೇ ಹಾಗಂತೆ. ಒಂದೊಂದ್ಸಲ ತಲೆಕೆಳಗಾಗಿ. ಮುಟ್ಟಿದ್ರೆ ಥೇಟ್ ಹೆಣ. ಸ್ವಲ್ಪ ಬಿಸಿ ತಗಲಲಿ, ಅರ್ಧ ಗಂಟೇಲಿ ಎದ್ದು ಹಾರತ್ತೆ. ನನ್ನ ಹಾಗಲ್ಲ ಅದು."

ಅವಳ ಕೈಯ ಲೋಟ ಸಿಂಕಿಗೆ ಬಿತ್ತು.

"ಏನಾಯ್ತೇ?"

"ಏನಿಲ್ಲ. ಕರಿಬೇವು ಕಿತ್ಕೊಂಡು ಬರ್ತೀನಿ."

"ಬೆಳಿಗ್ಗೆ ಬೆಳಿಗ್ಗೆನೇ ಒಗ್ಗರಣೆನಾ? ಹೋಗು. ಹಕ್ಕಿ ಕಂಡ್ರೆ ಮಾತ್ರ ಕರಿ, ಆಯ್ತಾ?"

ಅವನಿಗೆ ಬೆನ್ನು ಕೊಟ್ಟು ಕುಂಡದ ಮುಂದೆ ಕುಕ್ಕರಿಸಿದಳು. ಎರಡೂ ಕೈಯಲ್ಲಿ ಮಣ್ಣು ಕೆದರಿದಳು. ಹಕ್ಕಿ ಸಿಕ್ಕಿತು. ಹೀಟರ್ ಕಾವಿಗೆ ಮೈ ಈಗ ತಣ್ಣಗಿರಲಿಲ್ಲ. ಅಂಗೈಯಲ್ಲಿಟ್ಟು ಊದಿದಳು, ಎದೆಗೊತ್ತಿಕೊಂಡಳು, ಅದು ಅಲುಗಲಿಲ್ಲ. ಮುಚ್ಚುವಾಗ ಮೈಗಂಟಿದ್ದ ಒಂದು ರೆಕ್ಕೆ ಪೂರ್ತಿ ಬಿಚ್ಚಿಕೊಂಡಿತ್ತು.

ಮಣ್ಣಿನೊಳಗೆ ಹಕ್ಕಿ ಎಚ್ಚತ್ತು ತಾನಾಗಿ ಬಿಚ್ಚಿದ್ದೋ, ಅವಳ ಬೆರಳು ತಾಗಿ ಬಿಚ್ಚಿದ್ದೋ, ಅವಳಿಗೆ ಇವತ್ತಿಗೂ ಗೊತ್ತಿಲ್ಲ.