ಮಗನ ಬೂಟು

ಕೋರ್ಟಿನ ಬಾಗಿಲೆದುರು ಮಾವ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು. ಬೂಟು ಮಗನದು, ಹೊಳೆಯುವಂಥದ್ದು, ಅವರ ಕಾಲಿಗೆ ದೊಡ್ಡದು. ಮಗ ಅವರ ಸವೆದ ಚಪ್ಪಲಿ ಮೆಟ್ಟಿ ಗೋಡೆಗೊರಗಿದ್ದ. ಜಡ್ಜ್ ಎದುರು ಬಡವನಾಗಿ ಕಾಣಬೇಕೆಂದು ಬೆಳಿಗ್ಗೆ ಅದಲುಬದಲು ಮಾಡಿಸಿದವನು ಅವನೇ. ಟೈಲ್ಸ್ ಅಂಗಡಿ ಅಪ್ಪನದು, ತಾನು ಅಲ್ಲಿ ಬರೀ ಸಂಬಳದ ಆಳು ಎಂದು ಪ್ರಮಾಣ ಮಾಡಿ ಬರೆದುಕೊಟ್ಟೂ ಆಗಿತ್ತು.

ಸೊಸೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು. ವಿಚ್ಛೇದನದ ಕೇಸು ಮುಗಿಯುವವರೆಗೆ ತಿಂಗಳ ಖರ್ಚು ಮತ್ತು ವಕೀಲರ ಫೀಸು, ಅವಳು ಕೇಳಿದ್ದು ಇಷ್ಟೇ.

"ಕೊಟ್ಟಷ್ಟು ತಗೊಂಡು ಸುಮ್ನಾಗು. ಇಲ್ಲದೋನ ಹತ್ರ ಏನು ಕಿತ್ಕೋತೀಯ?" ಎಂದ ಗಂಡ.

"ಇಲ್ಲ ಅಂತ ಮಾವ ಒಳಗೆ ಬಂದು ಹೇಳ್ಲಿ. ಈ ಮಗು ಎತ್ಕೊಂಡು ಸುಮ್ನೆ ಎದ್ದು ಹೋಗ್ತೀನಿ. ಅಲ್ಲೀವರೆಗೆ ಒಂದು ಪೈಸೆನೂ ಬಿಡೋದಿಲ್ಲ," ಎಂದಳು ಅವಳು, ದನಿ ಏರಿಸದೆ.

ಮಾವ ಎರಡನೇ ಬೂಟನ್ನೂ ಕಳಚಿದರು.

"ಅಪ್ಪಾ, ಹಾಕ್ಕೊಳ್ಳಿ. ಜನ ನೋಡ್ತಾರೆ."

"ನೋಡ್ಲಿ ಬಿಡೋ. ಸಾಲ ಮಾಡಿ ಸಾಹುಕಾರನ ವೇಷ ಹಾಕೋರನ್ನ ಬೇಕಾದಷ್ಟು ನೋಡಿದೀನಿ. ದುಡ್ಡಿಟ್ಕೊಂಡು ಬಡವನ ವೇಷ ಹಾಕಿದೋನನ್ನ ಇವತ್ತೇ ನೋಡಿದ್ದು."

ಬೂಟುಗಳನ್ನು ಮಗನ ಕಾಲ ಬಳಿ ಜೋಡಿಸಿಟ್ಟು, ಬರಿಗಾಲಲ್ಲಿ ಬಂದು ಅವರು ಸೊಸೆಯ ಪಕ್ಕ ಕೂತರು. ಮಗು ಅವರ ಬೆರಳು ಹಿಡಿಯಿತು.

"ನಿನ್ನ ವಕೀಲಮ್ಮನ್ನ ಕರೆಯವ್ವಾ. ಅಂಗಡಿ ನನ್ನದಲ್ಲ ಅಂತ ಯಾರ ಮುಂದೆ ಹೇಳ್ಬೇಕು, ಕೇಳೋಣ."